ಬೇಡುವ ಕೈ ಬಡಿಸುವ ಕೈಯಾಗಲಿ

ಸಂತ ಜೋಸೆಫ್ ವಾಜ್ ಅವರ ಹಬ್ಬದ (ಜನವರಿ 16) ಚಿಂತನೆ



ಜನವರಿ ನಮ್ಮ ವಿಜಯಪುರಕ್ಕೆ ಹಬ್ಬದ ತಿಂಗಳು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ. ಮನೆಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಆಗುತ್ತವೆ. ನೆರೆಯವರು ಕುಸುರೆಳ್ಳು ತಂದು ಕೈಗಿಡುತ್ತಾರೆ. ಆ ಸಡಗರ ಇಳಿಯುವ ಮುನ್ನವೇ, ಜನವರಿ 16ರಂದು, ಧರ್ಮಸಭೆ ಸಂತ ಜೋಸೆಫ್ ವಾಜ್ ಅವರನ್ನು ಸ್ಮರಿಸುತ್ತದೆ. ಕರಾವಳಿಯ ನಮ್ಮ ಬಂಧುಗಳಿಗೆ ಇವರು ಮನೆಯವರಷ್ಟೇ ಪರಿಚಿತರು. ಆದರೆ ಬಯಲುಸೀಮೆಯ ನಮ್ಮ ಅನೇಕ ಕುಟುಂಬಗಳಿಗೆ ಇವರ ಹೆಸರಷ್ಟೇ ಗೊತ್ತು. ಬೇಡುವುದರಿಂದ ಸೇವೆ ಮಾಡುವುದಕ್ಕೆ ಹೋಗುವ ದಾರಿ ಯಾವುದು ಎಂಬ ಪ್ರಶ್ನೆಗೆ ಇವರ ಬದುಕಿಗಿಂತ ಒಳ್ಳೆಯ ಉತ್ತರ ಸಿಗುವುದು ಕಷ್ಟ. ಆದ್ದರಿಂದ ಈ ಹಬ್ಬದಂದು ನಮ್ಮ ಪ್ರಾರ್ಥನೆಯನ್ನೇ ಸ್ವಲ್ಪ ಪರೀಕ್ಷಿಸಿ ನೋಡೋಣ.

ನಮ್ಮ ಚೀಟಿಗಳಲ್ಲಿ ಏನಿರುತ್ತದೆ?

ನವದಿನಗಳ ಪ್ರಾರ್ಥನೆಯ ಸಮಯದಲ್ಲಿ ಭಕ್ತರು ಕೋರಿಕೆಯ ಚೀಟಿಗಳನ್ನು ಪೆಟ್ಟಿಗೆಗೆ ಹಾಕುತ್ತಾರೆ. ನಾವು ಗುರುಗಳು ಅವುಗಳನ್ನು ಬಲಿಪೀಠದ ಬಳಿ ಅರ್ಪಿಸುತ್ತೇವೆ. ಅವುಗಳಲ್ಲಿ ಇರುವುದೆಲ್ಲ ನಮ್ಮ ನಿತ್ಯದ ಬದುಕೇ. ಮಗನಿಗೆ ಕೆಲಸ ಸಿಗಲಿ, ಮಗಳಿಗೆ ಒಳ್ಳೆಯ ಸಂಬಂಧ ಕೂಡಿ ಬರಲಿ, ಪರೀಕ್ಷೆಯಲ್ಲಿ ಅಂಕ ಬರಲಿ, ಗಂಡ ಕುಡಿತ ಬಿಡಲಿ, ಸಾಲ ತೀರಲಿ, ಆಪರೇಷನ್ ಸುಸೂತ್ರವಾಗಲಿ, ಮಳೆಯಾಗಲಿ.

ಇವು ಯಾವುವೂ ಕೆಟ್ಟ ಕೋರಿಕೆಗಳಲ್ಲ. ಕಣ್ಣೀರಿನಿಂದ ಬರೆದ ಚೀಟಿಯನ್ನು ಸ್ವಾರ್ಥವೆಂದು ಕರೆಯುವ ಅಧಿಕಾರ ಯಾರಿಗೂ ಇಲ್ಲ. ಆದರೂ ಒಂದು ಮಾತನ್ನು ಗಮನಿಸಬೇಕು. ನೂರು ಚೀಟಿಗಳಲ್ಲಿ ಪಕ್ಕದ ಮನೆಯವರಿಗಾಗಿ ಬರೆದವು ಎಷ್ಟಿರುತ್ತವೆ? ಪ್ರಭುವೇ, ನಿಮಗಾಗಿ ನಾನೇನು ಮಾಡಲಿ ಎಂದು ಕೇಳಿದ ಚೀಟಿ ಒಂದಾದರೂ ಇರುತ್ತದೆಯೇ?

ನಮ್ಮ ಜಿಲ್ಲೆಯಲ್ಲಂತೂ ಇನ್ನೊಂದು ತೊಡಕಿದೆ. ಅಕ್ಟೋಬರ್ ತಿಂಗಳಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವ ರೈತ ಮಳೆಗಾಗಿ ಬೇಡುತ್ತಾನೆ. ಅದೇ ದಿನಗಳಲ್ಲಿ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರ ಚಾಟ್ನಿ ಮಾಡಿ, ಹೊಸ ಚಿಗುರಿಗೆ ರೋಗ ತಗಲದಿರಲಿ, ಮಳೆ ಬರದಿರಲಿ ಎಂದು ಬೇಡುತ್ತಾನೆ. ಒಣದ್ರಾಕ್ಷಿ ಮಾಡುವ ಕಾಲದಲ್ಲೂ ಹೀಗೆಯೇ. ಶೆಡ್ಡಿನಲ್ಲಿ ಹಣ್ಣು ಹರವಿದವನಿಗೆ ಒಣ ಗಾಳಿ ಬೇಕು, ನಿಂಬೆ ತೋಟದವನಿಗೆ ನೀರು ಬೇಕು. ಇಬ್ಬರೂ ಒಂದೇ ದೇವರ ಮಕ್ಕಳು. ದೇವರು ಯಾರ ಮಾತು ಕೇಳಬೇಕು? ಪ್ರಾರ್ಥನೆಯೆಂದರೆ ನಮ್ಮ ಬೇಡಿಕೆಯನ್ನು ಮಂಜೂರು ಮಾಡಿಸಿಕೊಳ್ಳುವುದು ಮಾತ್ರ ಎಂದಾದರೆ ಈ ಪ್ರಶ್ನೆಗೆ ಉತ್ತರವಿಲ್ಲ. ದೇವರು ಒಬ್ಬನ ಪಾಲಿಗೆ ಒಳ್ಳೆಯವರು, ಇನ್ನೊಬ್ಬನ ಪಾಲಿಗೆ ಕಿವುಡರು ಎಂದಾಗಿಬಿಡುತ್ತದೆ.

ಬೇಡುವುದು ತಪ್ಪಲ್ಲ

ಹಾಗೆಂದು ಬೇಡುವುದನ್ನೇ ಬಿಡಬೇಕೆಂದು ಯಾರೂ ತಿಳಿಯಬಾರದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಪ್ರಾರ್ಥನೆಯ ಐದು ರೂಪಗಳನ್ನು ಹೇಳುತ್ತದೆ: ಆರಾಧನೆ, ಬೇಡಿಕೆ, ಇತರರಿಗಾಗಿ ಮಾಡುವ ಬಿನ್ನಹ, ಕೃತಜ್ಞತೆ ಮತ್ತು ಸ್ತುತಿ. ಬೇಡಿಕೆ ಇವುಗಳಲ್ಲಿ ಒಂದು. ಕೈಯಲ್ಲಿ ಐದು ಬೆರಳಿರುವಾಗ ಒಂದೇ ಬೆರಳಿನಿಂದ ರೊಟ್ಟಿ ಮುರಿಯಲು ಹೊರಟರೆ ಏನಾಗುತ್ತದೆ? ನಮ್ಮ ಪ್ರಾರ್ಥನೆಯ ಸ್ಥಿತಿ ಅನೇಕ ಸಲ ಹಾಗಾಗಿದೆ.

ಯೇಸುಸ್ವಾಮಿ ಕಲಿಸಿದ ಪರಲೋಕ ಮಂತ್ರವನ್ನೇ ನೋಡಿ. ಅದರಲ್ಲಿ ಏಳು ಬೇಡಿಕೆಗಳಿವೆ. ಮೊದಲ ಮೂರು ದೇವರಿಗೆ ಸೇರಿದವು: ಅವರ ನಾಮ, ಅವರ ರಾಜ್ಯ, ಅವರ ಚಿತ್ತ. ನಾಲ್ಕನೆಯದಾಗಿ ಆಹಾರ ಬರುತ್ತದೆ. ಆ ಬಳಿಕ ಕ್ಷಮೆ, ಶೋಧನೆ, ಕೇಡಿನಿಂದ ಬಿಡುಗಡೆ. ರೊಟ್ಟಿಯನ್ನು ಕೇಳಬೇಡಿ ಎಂದು ಪ್ರಭು ಹೇಳಲಿಲ್ಲ. ಅದರ ಸರದಿ ಯಾವುದೆಂದು ತೋರಿಸಿಕೊಟ್ಟರು. ಮತ್ತೊಂದು ವಿಶೇಷವೆಂದರೆ, ಇಡೀ ಮಂತ್ರದಲ್ಲಿ ‘ನನಗೆ’ ಎಂಬ ಮಾತು ಒಮ್ಮೆಯೂ ಬರುವುದಿಲ್ಲ. ಒಬ್ಬಂಟಿಯಾಗಿ ಕೋಣೆಯಲ್ಲಿ ಕುಳಿತು ಜಪಿಸಿದರೂ ನಾವು ಅಲ್ಲಿ ಎಲ್ಲರ ಪರವಾಗಿಯೇ ಕೇಳುತ್ತೇವೆ. ರೊಟ್ಟಿ ನಮ್ಮೆಲ್ಲರದು ಎಂದ ಮೇಲೆ, ಹಂಚಿಕೊಳ್ಳುವ ಹೊಣೆಯೂ ನಮ್ಮೆಲ್ಲರದೇ.

ಬಲಿಪೂಜೆಯಲ್ಲಿ ನಾವು ಮಾಡುವ ವಿಶ್ವಾಸಿಗಳ ಪ್ರಾರ್ಥನೆಯ ಕ್ರಮವೂ ಇದನ್ನೇ ಕಲಿಸುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಶಾಸನವು ಈ ಪುರಾತನ ಪ್ರಾರ್ಥನೆಯನ್ನು ಮತ್ತೆ ಬಳಕೆಗೆ ತಂದಿತು. ಅದರ ಸಾಮಾನ್ಯ ಕ್ರಮ ಹೀಗಿದೆ: ಮೊದಲು ಧರ್ಮಸಭೆ, ಬಳಿಕ ನಾಡನ್ನು ಆಳುವವರು ಮತ್ತು ಇಡೀ ಲೋಕ, ಆಮೇಲೆ ಕಷ್ಟದಲ್ಲಿರುವವರು, ಕಡೆಯಲ್ಲಿ ನಮ್ಮ ಸ್ಥಳೀಯ ಸಮುದಾಯ. ನಮ್ಮ ಸರದಿ ಕೊನೆಗೆ. ಅತಿಥಿಗಳಿಗೆ ಬಡಿಸಿ ಆಮೇಲೆ ತಾನು ಉಣ್ಣುವ ನಮ್ಮ ತಾಯಂದಿರಿಗೆ ಈ ಕ್ರಮವನ್ನು ವಿವರಿಸಬೇಕಾಗಿಲ್ಲ.

ಒಂದೇ ಪ್ರಶ್ನೆ, ಎರಡು ಉತ್ತರ

ಸಂತ ಮಾರ್ಕನ ಶುಭಸಂದೇಶದ 10ನೇ ಅಧ್ಯಾಯವನ್ನು ಮನೆಯಲ್ಲಿ ಎಲ್ಲರೂ ಕುಳಿತು ಓದಬೇಕು. ಅಲ್ಲಿ ಯೇಸುಸ್ವಾಮಿ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುತ್ತಾರೆ.

ಮೊದಲು ಜೆಬೆದಾಯನ ಮಕ್ಕಳಾದ ಯಕೋಬ ಮತ್ತು ಯೊವಾನ್ನ ಬರುತ್ತಾರೆ. ನಾವು ಕೇಳಿದ್ದನ್ನೆಲ್ಲ ಕೊಡಬೇಕು ಎಂದೇ ಅವರ ಮಾತು ಶುರುವಾಗುತ್ತದೆ. ನಾನು ನಿಮಗೆ ಏನು ಮಾಡಬೇಕು ಎಂದು ಪ್ರಭು ಕೇಳುತ್ತಾರೆ (10:36). ಅವರು ಬಲಗಡೆ ಒಂದು, ಎಡಗಡೆ ಒಂದು ಆಸನ ಬೇಕು ಎನ್ನುತ್ತಾರೆ. ಸಂತ ಮತ್ತಾಯನು ಹೇಳುವಂತೆ ಈ ಶಿಫಾರಸಿಗೆ ಅವರ ತಾಯಿಯೇ ಬಂದಿದ್ದಳು. ಮಕ್ಕಳಿಗಾಗಿ ತಾಯಿ ಕೇಳುವುದು ಸಹಜ. ಆದರೆ ಪ್ರಭು ಆಗಷ್ಟೇ ತಮ್ಮ ಮರಣದ ವಿಷಯ ಹೇಳಿ ಮುಗಿಸಿದ್ದರು. ಅವರು ಶಿಲುಬೆಯ ಮಾತಾಡುತ್ತಿದ್ದಾಗ ಶಿಷ್ಯರು ಕುರ್ಚಿಯ ಲೆಕ್ಕ ಹಾಕುತ್ತಿದ್ದರು.

ಸ್ವಲ್ಪ ಹೊತ್ತಿನಲ್ಲೇ ಯೆರಿಕೋ ಊರಿನ ಹೊರಗೆ, ರಸ್ತೆಯ ಬದಿಯಲ್ಲಿ ಕುಳಿತ ಕುರುಡ ಭಿಕ್ಷುಕ ಬಾರ್ತಿಮಾಯ ಕೂಗುತ್ತಾನೆ. ಪ್ರಭು ಅವನಿಗೂ ಅದೇ ಪ್ರಶ್ನೆ ಕೇಳುತ್ತಾರೆ (10:51). ಅವನು ತನಗೆ ಕಣ್ಣು ಬೇಕೆನ್ನುತ್ತಾನೆ. ಅದೂ ತನಗಾಗಿಯೇ ಕೇಳಿದ್ದು! ಆದರೆ ಕಣ್ಣು ಬಂದ ಮೇಲೆ ಅವನು ಏನು ಮಾಡಿದ? ಮನೆಗೆ ಓಡಲಿಲ್ಲ. ಅದೇ ರಸ್ತೆಯಲ್ಲಿ ಯೇಸುವಿನ ಹಿಂದೆ ನಡೆದ. ಆ ರಸ್ತೆ ಜೆರುಸಲೇಮಿಗೆ, ಶಿಲುಬೆಯ ಕಡೆಗೆ ಹೋಗುವ ರಸ್ತೆ.

ಇಲ್ಲಿ ನಮಗೊಂದು ಅಳತೆಗೋಲು ಸಿಕ್ಕಿತು. ನಮಗಾಗಿ ಬೇಡುವುದರಲ್ಲೇ ಸ್ವಾರ್ಥವಿಲ್ಲ. ಬೇಡಿದ್ದು ಸಿಕ್ಕ ಮೇಲೆ ನಾವು ಯಾವ ದಾರಿ ಹಿಡಿಯುತ್ತೇವೆ ಎಂಬುದರಲ್ಲಿ ಅದು ತಿಳಿಯುತ್ತದೆ. ಸೀಮೋನ ಪೇತ್ರನ ಅತ್ತೆ ಜ್ವರದಿಂದ ಮಲಗಿದ್ದಳು. ಪ್ರಭು ಕೈಹಿಡಿದು ಎಬ್ಬಿಸಿದರು. ಅವಳು ಎದ್ದವಳೇ ಎಲ್ಲರನ್ನೂ ಉಪಚರಿಸಿದಳು (ಮಾರ್ಕ 1:31). ಗುಣವಾದ ಕೈ ಬಡಿಸುವ ಕೈಯಾಯಿತು. ಹತ್ತು ಮಂದಿ ಕುಷ್ಠರೋಗಿಗಳ ಕತೆಯಲ್ಲಿ ಹತ್ತು ಮಂದಿಗೂ ಗುಣವಾಯಿತು. ಹಿಂದಿರುಗಿ ಬಂದವನು ಒಬ್ಬನೇ. ಮಿಕ್ಕ ಒಂಬತ್ತು ಮಂದಿಗೆ ವರ ಸಿಕ್ಕಿತು, ವರ ಕೊಟ್ಟವರು ಸಿಗಲಿಲ್ಲ.

ಕೇಳಿದ್ದು ಸಿಗದಿದ್ದಾಗ

ಈಗ ಕಠಿಣವಾದ ಮಾತಿಗೆ ಬರೋಣ. ಒಂಬತ್ತು ದಿನ ಉಪವಾಸವಿದ್ದು, ವೇಳಾಂಗಣಿಗೆ ಹರಕೆ ಹೊತ್ತು, ಎಲ್ಲರಿಂದಲೂ ಪ್ರಾರ್ಥನೆ ಮಾಡಿಸಿದರೂ ಮಗು ಉಳಿಯಲಿಲ್ಲ. ಅಂಥ ಮನೆಗಳು ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇವೆ. ಅವರಲ್ಲಿ ಕೆಲವರು ದೇವಾಲಯಕ್ಕೆ ಬರುವುದನ್ನೇ ನಿಲ್ಲಿಸಿದ್ದಾರೆ. ಅವರ ಎದುರಿಗೆ ನಿಂತು ನಿಮ್ಮ ವಿಶ್ವಾಸ ಸಾಲದಾಯಿತು ಎಂದು ಹೇಳುವವರಿದ್ದಾರೆ. ದಯವಿಟ್ಟು ಆ ಮಾತನ್ನು ಯಾರೂ ಆಡಬೇಡಿ. ಅದು ಗಾಯಕ್ಕೆ ಉಪ್ಪು ಸವರಿದಂತೆ, ಮತ್ತು ಅದು ಶುಭಸಂದೇಶದ ಮಾತೂ ಅಲ್ಲ.

ಗೆತ್ಸೆಮನೆ ತೋಪಿನಲ್ಲಿ ಸ್ವತಃ ದೇವಪುತ್ರರೇ ಬೇಡಿಕೊಂಡರು. ಆ ಕಷ್ಟದ ಪಾತ್ರೆ ತಮ್ಮಿಂದ ದೂರವಾಗಲಿ ಎಂದು ಕೇಳಿದರು. ಅದು ದೂರವಾಗಲಿಲ್ಲ. ಅವರ ವಿಶ್ವಾಸಕ್ಕೇನು ಕೊರತೆಯಿತ್ತೇ? ಸಂತ ಪೌಲರು ತಮ್ಮ ದೇಹದಲ್ಲಿದ್ದ ಮುಳ್ಳನ್ನು ತೆಗೆಯಬೇಕೆಂದು ಮೂರು ಸಲ ಬೇಡಿದರು (2 ಕೊರಿಂಥ 12:8). ಮುಳ್ಳು ಹೋಗಲಿಲ್ಲ, ಅದನ್ನು ಹೊತ್ತು ನಡೆಯುವ ಕೃಪೆ ಬಂತು. ಆ ಮುಳ್ಳಿನೊಂದಿಗೇ ಅವರು ಊರೂರು ತಿರುಗಿ ಸಭೆಗಳನ್ನು ಕಟ್ಟಿದರು.

ಹಳೆಯ ಒಡಂಬಡಿಕೆಯಲ್ಲಿ ಯೋಬನ ಗ್ರಂಥ ಒಂದು ಪ್ರಶ್ನೆಯಿಂದ ಆರಂಭವಾಗುತ್ತದೆ. ಯೋಬನು ಲಾಭವಿಲ್ಲದೆ ದೇವರಿಗೆ ಭಯಪಡುತ್ತಾನೆಯೇ ಎಂದು ಸೈತಾನನು ಕೇಳುತ್ತಾನೆ (1:9). ಅವನಿಗೆ ಆಸ್ತಿ, ಮಕ್ಕಳು, ದನಕರು ಎಲ್ಲ ಕೊಟ್ಟಿದ್ದೀರಿ, ಅದಕ್ಕೇ ಭಕ್ತಿ. ಅದನ್ನು ಕಸಿದುಕೊಳ್ಳಿ, ಆಮೇಲೆ ನೋಡಿ ಎಂದು ಅವನ ವಾದ. ಈ ಪ್ರಶ್ನೆ ಇಂದು ನಮ್ಮ ಮುಂದೆಯೂ ಇದೆ. ಕೆಲಸ ಹೋದರೆ, ಬೆಳೆ ಹಾಳಾದರೆ, ಮನೆಯಲ್ಲಿ ಸಾವಾದರೆ ನಮ್ಮ ಭಕ್ತಿ ಉಳಿಯುತ್ತದೆಯೇ? ಯೋಬನು ದೇವರೊಂದಿಗೆ ಜಗಳವಾಡಿದ, ಅತ್ತ, ಹುಟ್ಟಿದ ದಿನವನ್ನೇ ಶಪಿಸಿದ. ಆದರೆ ದೇವರ ಕಡೆಗೆ ಬೆನ್ನು ತಿರುಗಿಸಲಿಲ್ಲ. ಆದ್ದರಿಂದ ದುಃಖದಲ್ಲಿ ದೇವರೊಂದಿಗೆ ಜಗಳವಾಡುವವರೂ ಪ್ರಾರ್ಥನೆಯಲ್ಲೇ ಇದ್ದಾರೆ ಎಂದು ನಾವು ನಂಬಬೇಕು. ಅಂಥವರಿಗೆ ನಮ್ಮ ಉಪದೇಶ ಬೇಡ, ನಮ್ಮ ಸಂಗಡ ಬೇಕು.

12ನೇ ಶತಮಾನದಲ್ಲಿ ಬಾಳಿದ ಸಂತ ಬರ್ನಾರ್ಡರು ಪ್ರೀತಿಯ ನಾಲ್ಕು ಮೆಟ್ಟಿಲುಗಳನ್ನು ಹೇಳಿದ್ದಾರೆ. ಮೊದಲು ಮನುಷ್ಯ ತನಗಾಗಿ ತನ್ನನ್ನೇ ಪ್ರೀತಿಸುತ್ತಾನೆ. ಎರಡನೆಯದರಲ್ಲಿ ತನ್ನ ಲಾಭಕ್ಕಾಗಿ ದೇವರನ್ನು ಪ್ರೀತಿಸುತ್ತಾನೆ. ಮೂರನೆಯದರಲ್ಲಿ ದೇವರನ್ನು ದೇವರಿಗಾಗಿಯೇ ಪ್ರೀತಿಸುತ್ತಾನೆ. ಕಡೆಯದರಲ್ಲಿ ತನ್ನನ್ನು ಸಹ ದೇವರಿಗಾಗಿ ಪ್ರೀತಿಸುತ್ತಾನೆ. ನಮ್ಮಲ್ಲಿ ಹೆಚ್ಚಿನವರು ಎರಡನೆಯ ಮೆಟ್ಟಿಲಲ್ಲಿ ಇದ್ದೇವೆ. ಅಲ್ಲಿರುವುದು ಪಾಪವಲ್ಲ. ಆದರೆ ಮೆಟ್ಟಿಲು ಇರುವುದು ಏರಲಿಕ್ಕೆ, ಅಲ್ಲೇ ಚಾಪೆ ಹಾಸಿ ಮಲಗಲಿಕ್ಕಲ್ಲ.

ದಾಸ್ಯಪತ್ರ ಬರೆದುಕೊಟ್ಟ ಸಂತರು

ಸಂತ ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬೆನೌಲಿಂ ಗ್ರಾಮದಲ್ಲಿ. 1676ರಲ್ಲಿ ಗುರುಪಟ್ಟ ಪಡೆದರು. ಮರುವರ್ಷ, 1677ರ ಆಗಸ್ಟ್ 5ರಂದು, ತಾವು ಮಾತೆ ಮರಿಯಮ್ಮನವರ ದಾಸ ಎಂದು ಪತ್ರವೊಂದನ್ನು ಬರೆದು ತಮ್ಮನ್ನು ಅರ್ಪಿಸಿಕೊಂಡರು. ನಾವು ಸಾಮಾನ್ಯವಾಗಿ ಮಾತೆಯ ಬಳಿ ಕೋರಿಕೆಯ ಪತ್ರ ಹಿಡಿದು ಹೋಗುತ್ತೇವೆ. ಇವರು ದಾಸ್ಯಪತ್ರ ಹಿಡಿದು ಹೋದರು! ಮರಿಯಮ್ಮನವರೂ ದೇವದೂತನ ಮುಂದೆ ತಮ್ಮನ್ನು ದೇವರ ದಾಸಿ ಎಂದೇ ಕರೆದುಕೊಂಡವರು. ಹಾಗೆಂದವರೇ ಎದ್ದು ಬೆಟ್ಟದ ನಾಡಿಗೆ, ಗರ್ಭಿಣಿಯಾಗಿದ್ದ ಎಲಿಜಬೇತಮ್ಮನ ಮನೆಗೆ ಹೊರಟರು.

ಜೋಸೆಫ್ ವಾಜ್ ಅವರ ಮನಸ್ಸು ಸಿಂಹಳದ ಕಡೆಗಿತ್ತು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿ ಆರಾಧನೆಯನ್ನು ನಿಷೇಧಿಸಿದ್ದರು. ಆದರೆ ಮೇಲಧಿಕಾರಿಗಳು ಅವರನ್ನು ಮೊದಲು ಕನ್ನಡ ಕರಾವಳಿಗೆ ಕಳುಹಿಸಿದರು. 1681ರಿಂದ 1684ರವರೆಗೆ ಅವರು ಇಲ್ಲಿ ದುಡಿದರು. ಆಗ ಕರಾವಳಿಯ ಸಭೆ ಇಬ್ಭಾಗವಾಗಿತ್ತು. ಪೋರ್ಚುಗೀಸ್ ದೊರೆಯ ಹಕ್ಕಿನ ಗೋವೆಯ ಆಡಳಿತ ಒಂದು ಕಡೆ, ರೋಮಾಪುರಿಯಿಂದ ನೇರವಾಗಿ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಇನ್ನೊಂದು ಕಡೆ. ಈ ತೋಮಸರ ಸೋದರ ಬಂಧು ಮತೇವುಸ್ ದೆ ಕಾಸ್ತ್ರೊ ಅವರೇ 1637ರಲ್ಲಿ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾಗಿ ನಮ್ಮ ಬಿಜಾಪುರದ ಆದಿಲ್‌ಶಾಹಿ ರಾಜ್ಯಕ್ಕೆ ನೇಮಕಗೊಂಡವರು. ಅಧಿಕಾರ ಯಾರದು ಎಂಬ ವಾದದ ನಡುವೆ ಸಾಮಾನ್ಯ ವಿಶ್ವಾಸಿಗಳು ನಲುಗುತ್ತಿದ್ದರು. ಬಲಗಡೆಯ ಆಸನ, ಎಡಗಡೆಯ ಆಸನದ ಹಳೆಯ ಜಗಳವೇ ಅದು. ಜೋಸೆಫ್ ವಾಜ್ ಅಲ್ಲಿ ಶಾಂತಿಗಾಗಿ ಶ್ರಮಿಸಿದರು. ಬರಿಗಾಲಿನಲ್ಲಿ ಊರೂರು ನಡೆದು ಸಂಸ್ಕಾರಗಳನ್ನು ಕೊಟ್ಟರು, ಮಕ್ಕಳಿಗೆ ಕಲಿಸಿದರು, ಭಕ್ತರ ಸಂಘಗಳನ್ನು ಕಟ್ಟಿದರು. ಮಂಗಳೂರಿನ ಬಳಿಯ ಮುಡಿಪು ಬೆಟ್ಟ ಇಂದಿಗೂ ಅವರ ಪುಣ್ಯಕ್ಷೇತ್ರ.

1687ರಲ್ಲಿ ಅವರು ಕೂಲಿಯವನ ವೇಷದಲ್ಲಿ ಸಿಂಹಳಕ್ಕೆ ಇಳಿದರು. ಕೊರಳಲ್ಲಿ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋಗುತ್ತಿದ್ದರು. ಜಪಸರವನ್ನು ಕಂಡು ಯಾರ ಮುಖ ಅರಳುತ್ತದೆಯೋ ಅವರೇ ಕಥೋಲಿಕರೆಂದು ಗುರುತಿಸುತ್ತಿದ್ದರು. ಬೇಡಿದ್ದು ಅನ್ನ, ಹುಡುಕಿದ್ದು ಆತ್ಮಗಳನ್ನು. 1692ರಲ್ಲಿ ಕ್ಯಾಂಡಿ ನಗರಕ್ಕೆ ಹೋದಾಗ ಗೂಢಚಾರನೆಂದು ಸೆರೆಯಲ್ಲಿಟ್ಟರು.

ಮುಂದೆ 1696ರಲ್ಲಿ ಅಲ್ಲಿ ದೊಡ್ಡ ಬರ ಬಂತು. ರಾಜ ಎರಡನೆಯ ವಿಮಲಧರ್ಮಸೂರ್ಯ ಮಳೆಗಾಗಿ ಪ್ರಾರ್ಥಿಸಬೇಕೆಂದು ಕೇಳಿಕೊಂಡ. ಜೋಸೆಫ್ ವಾಜ್ ಬಯಲಿನಲ್ಲಿ ಪೀಠ ಇರಿಸಿ, ಶಿಲುಬೆ ನೆಟ್ಟು ಪ್ರಾರ್ಥಿಸಿದರು, ಮಳೆ ಸುರಿಯಿತು ಎಂದು ಪರಂಪರೆ ಹೇಳುತ್ತದೆ. ಬರದ ನಾಡಿನ ನಮಗೆ ಈ ಕತೆ ಬಹಳ ಹಿಡಿಸುತ್ತದೆ. ಅನೇಕರು ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಸಂತರ ಕತೆ ಇಲ್ಲಿ ನಿಲ್ಲುವುದಿಲ್ಲ.

ಮರುವರ್ಷ, 1697ರಲ್ಲಿ, ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ರಾಜ ಊರು ಬಿಟ್ಟ. ಬಲ್ಲವರು, ಉಳ್ಳವರು ಊರು ಬಿಟ್ಟರು. ರೋಗಿಗಳನ್ನು ಮನೆಯವರೇ ಕಾಡಿನಂಚಿಗೆ ಬಿಟ್ಟು ಓಡಿದರು. ಜೋಸೆಫ್ ವಾಜ್ ಮತ್ತು ಅವರ ಸೋದರಳಿಯ ಗುರು ಜೋಸೆಫ್ ಕರ್ವಾಲೊ ಅಲ್ಲೇ ಉಳಿದರು. ರೋಗಿಗಳಿಗೆ ಗುಡಿಸಲು ಹಾಕಿ, ಗಾಯ ತೊಳೆದು, ಉಣ್ಣಿಸಿ, ಸತ್ತವರನ್ನು ಹೂಳಿದರು. ಕ್ರೈಸ್ತರು, ಕ್ರೈಸ್ತರಲ್ಲದವರು ಎಂಬ ಭೇದ ಮಾಡಲಿಲ್ಲ. ಮಳೆಗಾಗಿ ಎತ್ತಿದ ಕೈಗಳೇ ಮರುವರ್ಷ ಕೀವು ಒರೆಸಿದವು. ಮಳೆಯ ಅದ್ಭುತ ದೇವರ ಕೆಲಸ. ಈ ಎರಡನೆಯ ಅದ್ಭುತಕ್ಕೆ ದೇವರು ಒಬ್ಬ ಮನುಷ್ಯನ ಒಪ್ಪಿಗೆಗಾಗಿ ಕಾದರು. ಧರ್ಮಾಧ್ಯಕ್ಷ ಪದವಿಯ ಮಾತು ಬಂದಾಗಲೂ ಅವರು ಬೇಡವೆಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಪ್ರಭುವಿನಲ್ಲಿ ನಿದ್ರಿಸಿದರು. 1995ರಲ್ಲಿ ಸಂತ ಎರಡನೆಯ ಜಾನ್ ಪೌಲರು ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ದ್ರಾಕ್ಷಿ ತೋಟದಲ್ಲಿ ಕೊಟ್ಟ ಮಾತು

ಏನು ಬೇಕಾದರೂ ಬೇಡಿಕೊಳ್ಳಿ, ಅದು ನಿಮಗೆ ದೊರಕುವುದು ಎಂಬರ್ಥದ ಮಾತನ್ನು ಪ್ರಭುವೇ ಕೊಟ್ಟಿದ್ದಾರಲ್ಲವೇ ಎಂದು ಕೆಲವರು ಕೇಳಬಹುದು. ಹೌದು, ಕೊಟ್ಟಿದ್ದಾರೆ. ಆದರೆ ಎಲ್ಲಿ ಕೊಟ್ಟರು? ಸಂತ ಯೊವಾನ್ನನ ಶುಭಸಂದೇಶದ 15ನೇ ಅಧ್ಯಾಯದಲ್ಲಿ, ದ್ರಾಕ್ಷಿ ಬಳ್ಳಿಯ ಸಾಮತಿಯ ನಡುವೆ ಕೊಟ್ಟರು. ಆ ಮಾತಿನ ಹಿಂದೆ ಒಂದು ಷರತ್ತಿದೆ: ಬಳ್ಳಿಯಲ್ಲಿ ನೆಲೆಸಿರಬೇಕು. ಮುಂದೆ ಒಂದು ಗುರಿಯಿದೆ: ಬಹಳ ಫಲ ಕೊಡಬೇಕು. ಆ ಎರಡನ್ನೂ ಬಿಟ್ಟು ನಡುವಿನ ಮಾತನ್ನಷ್ಟೇ ಕಿತ್ತುಕೊಂಡರೆ ಅದು ಬೇರಿಲ್ಲದ ಕೊಂಬೆಯಾಗುತ್ತದೆ.

ಇದನ್ನು ತಿಕೋಟಾ ಸೀಮೆಯ ಬೆಳೆಗಾರರಿಗಿಂತ ಚೆನ್ನಾಗಿ ಯಾರು ಬಲ್ಲರು? ಅವರು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ, ಬೇಸಿಗೆಯ ಏಪ್ರಿಲ್ ಹೊತ್ತಿಗೆ ಒಮ್ಮೆ, ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ. ಏಪ್ರಿಲ್ ಚಾಟ್ನಿಯಿಂದ ಕಡ್ಡಿ ಬಲಿಯುತ್ತದೆ, ಅಕ್ಟೋಬರ್ ಚಾಟ್ನಿಯಿಂದ ಗೊನೆ ಬರುತ್ತದೆ. ಕತ್ತರಿ ಹಾಕದೆ ಬಿಟ್ಟರೆ ಬಳ್ಳಿ ಹಬ್ಬುತ್ತದೆ, ಎಲೆ ತುಂಬುತ್ತದೆ, ನೋಡಲು ಹಸಿರಾಗಿರುತ್ತದೆ. ಹಣ್ಣು ಮಾತ್ರ ಕೈಗೆ ಬರುವುದಿಲ್ಲ. ನಮ್ಮ ಭಕ್ತಿಯೂ ಹೀಗಾಗುವುದುಂಟು. ನೊವೇನಾ, ಜಪಸರ, ಯಾತ್ರೆ, ಮೇಣದ ಬತ್ತಿ ಎಂದು ಎಲೆ ದಟ್ಟವಾಗಿರುತ್ತದೆ. ಆದರೆ ಮನೆಯ ಕೆಲಸದಾಕೆಯ ಸಂಬಳ ತಿಂಗಳು ದಾಟಿದರೂ ಕೊಟ್ಟಿರುವುದಿಲ್ಲ. ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಮಾತು ಬಿಟ್ಟಿರುತ್ತಾರೆ. ಕೇಳಿದ್ದು ಸಿಗದ ದಿನಗಳು ನಮ್ಮ ಪಾಲಿಗೆ ಚಾಟ್ನಿಯ ದಿನಗಳಾಗಬಹುದು. ಬಳ್ಳಿಗೆ ನೋವಾಗುತ್ತದೆ, ನಿಜ. ಆದರೆ ಕತ್ತರಿ ಹಿಡಿದವರು ತೋಟ ಕಡಿಯಲು ಬಂದವರಲ್ಲ, ಅದನ್ನು ನೆಟ್ಟವರು. ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ತಂದು ಹನಿಹನಿಯಾಗಿ ಬಳ್ಳಿ ಉಳಿಸಿಕೊಂಡ ರೈತರನ್ನು ನಾವು ಕಂಡಿದ್ದೇವೆ. ತೋಟದ ಯಜಮಾನನಾದ ತಂದೆಗೆ ನಮ್ಮ ಮೇಲೆ ಅದಕ್ಕಿಂತ ಕಡಿಮೆ ಕಾಳಜಿಯೇ?

ಸೊಲ್ಲಾಪುರ ರಸ್ತೆ ಕಲಿಸುವ ಪಾಠ

ಸೇವೆಯ ಪಾಠವನ್ನು ದೇವರು ನಮ್ಮ ನೆರೆಯವರ ಮೂಲಕವೂ ಕಲಿಸುತ್ತಾರೆ. ನಮ್ಮ ಸೊಲ್ಲಾಪುರ ರಸ್ತೆಯಲ್ಲೇ ಜ್ಞಾನಯೋಗಾಶ್ರಮವಿದೆ. ಅಲ್ಲಿ ಬಾಳಿದ, ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿದ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ತೀರಿಕೊಳ್ಳುವ ಬಹಳ ಮೊದಲೇ, ತಮಗೆ ಸ್ಮಾರಕ ಕಟ್ಟಬಾರದೆಂದು ಬರೆದಿಟ್ಟಿದ್ದರು. ಇದೇ ಊರಿನಲ್ಲಿ ಫ.ಗು. ಹಳಕಟ್ಟಿಯವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಆರಂಭಿಸಿದರು. ವಚನಗಳ ಪ್ರಕಟಣೆಗಾಗಿ ಮನೆಯನ್ನೇ ಮಾರಿ ಮುದ್ರಣಾಲಯ ನಡೆಸಿ, ತಾವು ಬಾಡಿಗೆ ಮನೆಯಲ್ಲಿ ಬಾಳಿದರು. ಜೇಬಿಲ್ಲದ ಅಂಗಿ ತೊಟ್ಟವರ ಊರಿನಲ್ಲಿದ್ದುಕೊಂಡು ನಾವು ಪ್ರಾರ್ಥನೆಗೂ ಜೇಬು ಹೊಲಿಸಿಕೊಂಡರೆ ಹೇಗೆ?

ಈ ರಸ್ತೆಗೆ ಇನ್ನೊಂದು ನಂಟೂ ಇದೆ. ಹಳೆಯ 13ನೇ ರಾಷ್ಟ್ರೀಯ ಹೆದ್ದಾರಿಯ ಒಂದು ತುದಿ ಸೊಲ್ಲಾಪುರ, ಇನ್ನೊಂದು ತುದಿ ಮಂಗಳೂರು. ಆ ತುದಿಯಲ್ಲಿ, ಕಂಕನಾಡಿಯಲ್ಲಿ, ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಔಷಧಾಲಯ ತೆರೆದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಈ ತುದಿಯಲ್ಲಿ, ನಮ್ಮ ಸೊಲ್ಲಾಪುರ ರಸ್ತೆಯಲ್ಲಿ, 1986ರಲ್ಲಿ ಶುರುವಾದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆ ಇದೆ. ಹಳ್ಳಿಹಳ್ಳಿಗಳಿಂದ ರೋಗಿಗಳು ಬರುತ್ತಾರೆ. ರೋಗಿಯ ಜೊತೆಗೆ ಬಂದವರು ಬುತ್ತಿ ಕಟ್ಟಿಕೊಂಡು ಬಂದಿರುತ್ತಾರೆ. ಎರಡನೆಯ ದಿನಕ್ಕೆ ಆ ರೊಟ್ಟಿ ಗಟ್ಟಿಯಾಗಿರುತ್ತದೆ. ಕಾಗದ ಓದಲು ಬಾರದವರು, ಯಾವ ಕಿಟಕಿಗೆ ಹೋಗಬೇಕೆಂದು ತಿ���ಿಯದವರು, ಪಕ್ಕದಲ್ಲಿ ಮಾತಾಡಿಸುವವರೇ ಇಲ್ಲದವರು ಅವರಲ್ಲಿರುತ್ತಾರೆ. ನಾವು ದೇವಾಲಯದಲ್ಲಿ ರೋಗಿಗಳಿಗಾಗಿ ಪ್ರಾರ್ಥಿಸಿ ಹೊರಗೆ ಬಂದಾಗ, ಆ ಪ್ರಾರ್ಥನೆಗೆ ಉತ್ತರವಾಗಿ ದೇವರು ಯಾರನ್ನು ಕಳುಹಿಸಬೇಕು? ನಮ್ಮನ್ನೇ ಅಲ್ಲವೇ?

ಬಲಿಪೂಜೆಗೆ ಲತೀನ್ ಭಾಷೆಯಲ್ಲಿ ‘ಮಿಸ್ಸಾ’ ಎಂಬ ಹೆಸರು ಬಂದದ್ದೇ ಕೊನೆಯಲ್ಲಿ ಜನರನ್ನು ಕಳುಹಿಸಿಕೊಡುವ ಮಾತಿನಿಂದ. ಬಲಿಪೂಜೆಯ ಕಡೆಯ ಆಶೀರ್ವಾದ ನಮ್ಮನ್ನು ಮನೆಗೆ ಬಿಡುವ ಗಂಟೆಯಲ್ಲ, ಕೆಲಸಕ್ಕೆ ಕಳುಹಿಸುವ ಅಪ್ಪಣೆ.

ಮನೆಯಲ್ಲಿ ಏನು ಮಾಡಬಹುದು?

ದೊಡ್ಡ ಮಾತುಗಳಿಂದ ಪ್ರಯೋಜನವಿಲ್ಲ. ಈ ಹಬ್ಬದಿಂದ ನಮ್ಮ ಕುಟುಂಬಗಳಲ್ಲಿ ನಾಲ್ಕು ಸಣ್ಣ ಅಭ್ಯಾಸಗಳನ್ನು ಆರಂಭಿಸೋಣ.

ಮೊದಲನೆಯದಾಗಿ, ಸಂಜೆಯ ಕುಟುಂಬ ಪ್ರಾರ್ಥನೆಯ ಕ್ರಮವನ್ನು ಬದಲಿಸೋಣ. ಮೊದಲು ಆ ದಿನಕ್ಕಾಗಿ ಕೃತಜ್ಞತೆ, ಬಳಿಕ ಒಬ್ಬರಿಗೊಬ್ಬರು ಕ್ಷಮೆ, ಆಮೇಲೆ ಓಣಿಯ ಒಬ್ಬರ ಹೆಸರು ಹೇಳಿ ಅವರಿಗಾಗಿ ಬಿನ್ನಹ, ಕೊನೆಗೆ ನಮ್ಮ ಬೇಡಿಕೆ. ಮಕ್ಕಳು ಇದನ್ನು ಬೇಗ ಕಲಿಯುತ್ತಾರೆ.

ಎರಡನೆಯದಾಗಿ, ಪ್ರತಿಯೊಂದು ಕೋರಿಕೆಯ ಜೊತೆಗೆ ಒಂದು ಕೆಲಸವನ್ನು ಕಟ್ಟೋಣ. ಆರೋಗ್ಯಕ್ಕಾಗಿ ಬೇಡುವವರು ಒಬ್ಬ ರೋಗಿಯನ್ನು ಹೋಗಿ ಕಾಣಲಿ, ಇಲ್ಲವೇ ರಕ್ತದಾನ ಮಾಡಲಿ. ಆರೋಗ್ಯವಂತ ಪುರುಷರು ಮೂರು ತಿಂಗಳಿಗೊಮ್ಮೆ, ಮಹಿಳೆಯರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಮಗನ ಪರೀಕ್ಷೆಗಾಗಿ ಬೇಡುವವರು ಓದಲು ಕಷ್ಟಪಡುವ ಇನ್ನೊಂದು ಮಗುವಿಗೆ ಪುಸ್ತಕ ಕೊಡಿಸಲಿ. ನೀರಿಗಾಗಿ ಬೇಡುವವರು ತಮ್ಮ ಬೋರ್‌ವೆಲ್ಲಿನಿಂದ ನೆರೆಯವರಿಗೆ ಎರಡು ಕೊಡ ಬಿಡಲಿ.

ಮೂರನೆಯದಾಗಿ, ಹರಕೆಯ ರೂಪವನ್ನು ಯೋಚಿಸೋಣ. ಯಾತ್ರೆಗೆ ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಆದರೆ ಹರಕೆ ಎಂದರೆ ದೇವರೊಂದಿಗೆ ವ್ಯಾಪಾರವಲ್ಲ. ನೀವು ಕೊಟ್ಟರೆ ನಾನು ಕೊಡುತ್ತೇನೆ ಎಂಬುದು ಸಂತೆಯ ಮಾತು; ನೀವು ಆಗಲೇ ಕೊಟ್ಟಿದ್ದೀರಿ, ಅದಕ್ಕೇ ನಾನು ಕೊಡುತ್ತೇನೆ ಎಂಬುದು ಮಕ್ಕಳ ಮಾತು. ಒಂಬತ್ತು ದಿನಗಳ ಪ್ರಾರ್ಥನೆಯೊಂದಿಗೆ ಒಂಬತ್ತು ಸೇವೆಗಳನ್ನೂ ಮಾಡಿ ನೋಡಿ.

ನಾಲ್ಕನೆಯದಾಗಿ, ದಿನಕ್ಕೆ ಐದು ನಿಮಿಷ ಏನನ್ನೂ ಕೇಳದೆ ಸುಮ್ಮನೆ ದೇವರ ಮುಂದೆ ಕುಳಿತುಕೊಳ್ಳೋಣ. ದಮಸ್ಕದ ರಸ್ತೆಯಲ್ಲಿ ಬಿದ್ದ ಸೌಲನು, ಪ್ರಭು, ನಾನೇನು ಮಾಡಲಿ ಎಂದು ಕೇಳಿದ (ಪ್ರೇಷಿತರ ಕಾರ್ಯಗಳು 22:10). ಆ ಒಂದು ಪ್ರಶ್ನೆಯಿಂದ ಸೌಲ ಪೌಲನಾದ. ಆ ಐದು ನಿಮಿಷದಲ್ಲಿ ನಾವೂ ಅದೊಂದೇ ಪ್ರಶ್ನೆಯನ್ನು ಕೇಳಿ ಉತ್ತರಕ್ಕಾಗಿ ಕಾಯೋಣ.

ಇನ್ನೊಂದು ಮಾತು. ಕೇಳಿದ್ದು ಸಿಗದೆ ದೂರ ಉಳಿದ ಕುಟುಂಬ ನಿಮ್ಮ ಓಣಿಯಲ್ಲಿದ್ದರೆ ಈ ವಾರವೇ ಅವರ ಮನೆಗೆ ಹೋಗಿ. ಉಪದೇಶ ಮಾಡಬೇಡಿ. ಒಂದಿಷ್ಟು ಕುಸುರೆಳ್ಳು ಒಯ್ಯಿರಿ, ಅವರ ಜೊತೆ ಕುಳಿತು ಚಹಾ ಕುಡಿಯಿರಿ, ತೀರಿಕೊಂಡ ಮಗುವಿನ ಹೆಸರು ಹಿಡಿದು ಮಾತಾಡಿ. ಎಷ್ಟೋ ದಿನಗಳಿಂದ ಆ ಹೆಸರನ್ನು ಯಾರ ಬಾಯಲ್ಲೂ ಕೇಳದ ತಾಯಿಗೆ ಅದೇ ಒಂದು ಪ್ರಾರ್ಥನೆಯಾಗುತ್ತದೆ.

ಪ್ರಾರ್ಥಿಸೋಣ: ಪ್ರೀತಿಯ ಪ್ರಭುವೇ, ನಮ್ಮ ಅಗತ್ಯಗಳನ್ನು ನಾವು ಕೇಳುವ ಮೊದಲೇ ನೀವು ಬಲ್ಲಿರಿ. ಸಂತ ಜೋಸೆಫ್ ವಾಜ್ ಅವರಂತೆ ಮಳೆಗಾಗಿ ಕೈಯೆತ್ತಲೂ, ರೋಗಿಗಳಿಗಾಗಿ ಕೈಚಾಚಲೂ ನಮಗೆ ಕಲಿಸಿರಿ. ಕೊಟ್ಟಾಗ ನಿಮ್ಮನ್ನು ಮರೆಯದ, ಕೊಡದಿದ್ದಾಗ ನಿಮ್ಮನ್ನು ಬಿಡದ ಮನಸ್ಸನ್ನು ಕರುಣಿಸಿರಿ. ನಮ್ಮ ಊರಿನ ರಸ್ತೆಗಳಲ್ಲಿ ನಿಮಗಾಗಿ ನಡೆಯುವ ಕಾಲುಗಳು ನಮ್ಮವಾಗಲಿ. ಆಮೆನ್.